ಕಾಡಕೋಣದ ನೊಣದಿಂದ ನಮ್ಮ ಎಮ್ಮಿಗೆ ಸರ್ರಾ ಬಂತೇನ್ರಿ?

ಮಲಪ್ರಭಾ ದಂಡಿ, ಖಾನಾಪುರ ತಾಲೂಕು:

ಎಲ್ಲಾರಿಗೂ ನಮಸ್ಕಾರ್ರಿ. ನಂದು ಜಾಂಬೋಟಿ ಕಡೆ ಅಡವಿ ಅಂಚಿನ ಸಣ್ಣ ಊರು. ಏಳು ಪಂಢರಪುರಿ ಎಮ್ಮಿ ಇದ್ದುವು, ಈಗ ಆರು. ಹೋದ ವಾರ ಗೌರಿ ಹೋದ್ಲು. ಮೂರನೇ ಸೂಲಿನಾಕಿ, ಹೊತ್ತಿಗೆ ನಾಕು ಲೀಟರ್ ತಪ್ಪಲಾರದಂಗ ಕೊಡ್ತಿದ್ಲು. ನನ್ನ ಹೆಂಡತಿ ಕೈ ಬಿಟ್ರ ಬ್ಯಾರೆ ಯಾರಿಗೂ ಹಿಂಡಾಕ ಬಿಡ್ತಿರಲಿಲ್ಲ.

ಶುರುವಿಗೆ ಬರೇ ಹಾಲು ಇಳೀತು. ಆಮ್ಯಾಲ ಒಂದಿನ ಜ್ವರ, ಎರಡು ದಿನ ಆರಾಮ, ಮತ್ತ ಜ್ವರ. ಮಳ್ಯಾಗ ತೋಯ್ದದ್ದಕ್ಕ ಬಂದೈತಿ ಅಂತ ಮೆಣಸು, ಶುಂಠಿ ಕುದಿಸಿ ಕುಡಿಸಿದ್ವಿ. ಕಡೀಕ ತಲಿ ಗ್ವಾಡಿಗೆ ಒತ್ತಿ ನಿಲ್ಲಾಕ ಹತ್ತಿದ್ಲು, ನಿಂತ ಜಾಗದಾಗ ಸುತ್ತು ತಿರುಗ್ತಿದ್ಲು. ದನದ ಡಾಕ್ಟರು ಬಂದು ಕಿವಿಯಿಂದ ರಕ್ತ ತಗದು ಗಾಜಿನ ಮ್ಯಾಲ ಹಚ್ಚಿಕೊಂಡು ಹೋಗಿ ನೋಡಿ, ಸರ್ರಾ, ಅಂದ್ರ ರಕ್ತದಾಗ ಕಣ್ಣಿಗೆ ಕಾಣದ ಜೀವಿ ಸೇರಿ ಬರೋ ರೋಗ ಅಂದ್ರು. ಸೂಜಿ ಮಾಡಿದ್ರು, ಆದ್ರ ತಡ ಆಗಿಬಿಟ್ಟಿತ್ತು. ಈ ರೋಗ ನೊಣದಿಂದ ಬರತೈತಿ ಅಂದ್ರು, ಅಷ್ಟರಾಗ ಬ್ಯಾರೆ ಊರಿಂದ ಫೋನ್ ಬಂತು, ಹೊಂಟ್ರು. ಉಳಿದದ್ದು ಕೇಳಾಕ ಆಗಲಿಲ್ಲ, ಅದಕ್ಕ ಇಲ್ಲಿ ಬರ್ಯಾಕತ್ತೀನಿ.

ಪಂಚಮಿ ಆದಾಗಿಂದ ಒಂದು ಕಾಡಕೋಣದ ಹಿಂಡು ನಮ್ಮ ಭತ್ತದ ಗದ್ದಿ ಮಗ್ಗಲಿಗೆ ಬರಾಕ ಹತ್ತೈತಿ. ಒಂಬತ್ತು ಅದಾವ, ಎರಡು ಕರುಗಳು. ಒಂದು ಮುಂಜಾನೆ ಮಂಜಿನ್ಯಾಗ ದೊಡ್ಡ ಕೋಣ ಒಂದು ಬಿದಿರ ಮೆಳಿ ಹತ್ರ ನಿಂತಿತ್ತು, ನನ್ನಿಂದ ಒಂದು ಕೂಗಳತಿ ದೂರ. ಬೆಳಕು ಬಿದ್ದಾಗ ನೋಡ್ತೀನಿ, ಅದರ ಹೆಗಲ ಮ್ಯಾಲ ನೊಣ ಮುಕರಿದ್ದುವು. ಚರ್ಮ ಥರಥರ ನಡುಗಿಸ್ತಿತ್ತು, ಬಾಲ ಬೀಸ್ತಿತ್ತು, ಆದ್ರೂ ಹೋಗವಲ್ಲವು. ನಮ್ಮ ಎಮ್ಮಿ ಮೈ ಮ್ಯಾಲೂ ಅವ ಅದಾವ. ಎರಡು ನಮೂನಿ ಕಾಣತಾವ. ಒಂದು ಸಣ್ಣದು, ಅಕ್ಕಿಕಾಳಿಗಿಂತ ಸಣ್ಣದು, ಬೆನ್ನ ಮ್ಯಾಲ ಗುಂಪಾಗಿ ಕೂತು ಹಗಲು ರಾತ್ರಿ ಏಳಂಗಿಲ್ಲ. ಇನ್ನೊಂದು ಜೇನಹುಳಕ್ಕಿಂತ ದೊಡ್ಡದು, ಬೂದಿ ಬಣ್ಣ, ಕಣ್ಣು ಹಸರು ಹೊಳೀತಾವ. ಅದು ಕಡಿದ್ರ ಎಮ್ಮಿ ಒದರತೈತಿ, ಎದ್ದು ಹೋದ ಮ್ಯಾಲೂ ಆ ಜಾಗದಿಂದ ರಕ್ತ ಹನಿ ಇಳೀತೈತಿ. ನಮ್ಮಜ್ಜ ಇಂಥವನ್ನೆಲ್ಲಾ ತೊಣಚಿ ಅಂತನ ಕರೀತಿದ್ದ.

ಈಗ ಊರಾಗ ಒಂದ ಮಾತು. ಕೋಣಗಳ ರೋಗ ತಂದಾವ, ಓಡಸಬೇಕು. ಪಟಾಕಿ ತರಾಕ ರೊಕ್ಕ ಕೂಡಸಾಕತ್ಯಾರ. ಬಂದೂಕು ಇದ್ದಾವರನ್ನ ಕರಸೋಣು ಅಂತ ಕೆಲವರು ಮೆಲ್ಲಕ ಮಾತಾಡಾಕತ್ಯಾರ. ಎಮ್ಮಿ ಕಳಕೊಂಡಾವ ನಾನ, ಹಂಗಾಗಿ ಎಲ್ಲಾರೂ ನನ್ನ ಬಾಯಿ ನೋಡ್ತಾರ. ನನಗ ಆ ಪ್ರಾಣಿಗಳ ಮ್ಯಾಲ ಸಿಟ್ಟು ಬರವಲ್ದು, ಆದ್ರ ಗೌರಿ ಖಾಲಿ ಗೂಟ ನೋಡಿದ್ರ ಏನ್ ಹೇಳಬೇಕೋ ತಿಳೀವಲ್ದು. ಖರೇನ ಕೋಣದ ನೊಣದಿಂದನ ಬಂತೇನ್ರಿ? ಮನ್ಯಾಗ ಎರಡು ಸಣ್ಣ ಹುಡುಗರು ಅದಾವ, ಅವಕ್ಕೂ ಬರತೈತೇನು, ಹಾಲು ಕುಡೀಬಹುದೇನು? ಉಳಿದ ಆರರಾಗ ಐದು ಗಟ್ಟಿ ಅದಾವ. ಪಂಚಮಿಗೆ ಮುಂಚೆ ಸಂತ್ಯಾಗ ತಂದ ಒಂದು ಎಮ್ಮಿ ಅಷ್ಟ ಮೊದಲಿಂದ್ಲೂ ಬಡಕಲು. ಹಿಂಡಿ, ಕಣಕಿ ಎಲ್ಲಾ ತಿಂತೈತಿ, ಮೈ ಮಾತ್ರ ಹಿಡಿವಲ್ದು. ಅದು ಬ್ಯಾರೆ ಮಾತು, ಹೊಸ ಜಾಗಕ್ಕ ಹೊಂದಿಲ್ಲ ಅಂತ ಅನ್ಕೊಂಡೀವಿ.


ನಿವೃತ್ತ ಪಶುವೈದ್ಯ, ಜಮಖಂಡಿ:

ಗೌರಿ ಸುದ್ದಿ ಓದಿ ಸಂಕಟ ಆಯಿತು. ಸರ್ರಾದಲ್ಲಿ ತಲೆ ಗೋಡೆಗೆ ಒತ್ತುವ ಹಂತಕ್ಕೆ ಹೋದ ಎಮ್ಮೆಯನ್ನು ಉಳಿಸುವುದು ಬಹಳ ಕಷ್ಟ. ನಿಮ್ಮ ಡಾಕ್ಟರು ರಕ್ತ ನೋಡಿ ಹಿಡಿದದ್ದೇ ದೊಡ್ಡದು. ನಾನು ಮೂವತ್ತು ವರ್ಷ ಜಮಖಂಡಿ, ಬೀಳಗಿ, ಅಥಣಿ ಕಡೆ ತಿರುಗಿದವನು. ಕೃಷ್ಣಾ ದಂಡೆಯ ಕೆಸರಿನ ಊರುಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಈ ರೋಗ ಕಂಡಿದ್ದೇನೆ. ಅಲ್ಲಿ ಕಾಡಕೋಣ ಒಂದೂ ಇಲ್ಲ. ಈ ಮಾತನ್ನು ನಿಮ್ಮ ಊರವರಿಗೆ ಮೊದಲು ಹೇಳ್ರಿ.

ನೀವು ಎರಡು ನೊಣ ಬೇರೆ ಬೇರೆ ಅಂತ ಗುರುತಿಸಿದ್ದು ಬಹಳ ಚಲೋ ಆಯಿತು. ಬೆನ್ನ ಮೇಲೆ ಗುಂಪಾಗಿ ಕೂಡುವ ಸಣ್ಣದು ಎಮ್ಮೆ ನೊಣ. ಅದರ ಸಂಸಾರವೆಲ್ಲಾ ಪ್ರಾಣಿಯ ಮೈ ಮೇಲೇ. ಗಂಡು, ಹೆಣ್ಣು ಎರಡೂ ರಕ್ತ ಕುಡಿಯುತ್ತವೆ, ದಿನಕ್ಕೆ ಇಪ್ಪತ್ತು ಸಲಕ್ಕೂ ಹೆಚ್ಚು. ಎಮ್ಮೆ ಸಗಣಿ ಹಾಕಿದ ಕೂಡಲೇ ಹೆಣ್ಣು ನೊಣ ಕೆಳಗಿಳಿದು, ಬಿಸಿ ಸಗಣಿಯಲ್ಲಿ ಮೊಟ್ಟೆ ಇಟ್ಟು ಮತ್ತೆ ಮೈ ಏರುತ್ತದೆ. ಕಾಡಕೋಣದ ಮೇಲೂ ಇಂಥವು ಇರುತ್ತವೆ, ಅದೂ ಸಗಣಿ ಹಾಕುವ ದೊಡ್ಡ ಪ್ರಾಣಿಯೇ ಅಲ್ಲವೇ? ಇವುಗಳಿಂದ ಹಾಲು ಇಳಿಯುತ್ತದೆ, ಮೈ ಇಳಿಯುತ್ತದೆ. ಆದರೆ ಒಂದೇ ಪ್ರಾಣಿಗೆ ಅಂಟಿಕೊಂಡಿರುವ ನೊಣ ಸರ್ರಾ ಹಂಚುವುದರಲ್ಲಿ ಹೆಚ್ಚಿನ ಪಾತ್ರ ವಹಿಸುವುದಿಲ್ಲ.

ಹಸಿರು ಕಣ್ಣಿನ ದೊಡ್ಡದು ಕುದುರೆ ನೊಣ. ಅದರಲ್ಲಿ ಹೆಣ್ಣು ಮಾತ್ರ ರಕ್ತ ಕುಡಿಯುವುದು, ಗಂಡು ಹೂವಿನ ರಸದ ಮೇಲೆ ಬದುಕುತ್ತದೆ. ಸೊಳ್ಳೆಯ ಹಾಗೆ ಸೂಜಿ ಚುಚ್ಚುವುದಿಲ್ಲ, ಬಾಯಲ್ಲಿ ಕತ್ತರಿಯಂಥ ಅಲಗುಗಳಿರುತ್ತವೆ. ಚರ್ಮ ಕತ್ತರಿಸಿ, ಒಸರಿದ ರಕ್ತ ನೆಕ್ಕುತ್ತದೆ. ಅಷ್ಟು ನೋವಾಗುವುದರಿಂದ ಎಮ್ಮೆ ಬಾಲ ಬೀಸುತ್ತದೆ, ನೊಣ ಅರ್ಧ ಹೊಟ್ಟೆಯಲ್ಲೇ ಎದ್ದು ಮಗ್ಗುಲಿನ ಎಮ್ಮೆಗೆ ಹಾರುತ್ತದೆ. ರೋಗ ದಾಟುವುದು ಆ ಹಾರಾಟದಲ್ಲಿ. ಸರ್ರಾದ ಜೀವಿ ನೊಣದ ಹೊಟ್ಟೆಯಲ್ಲಿ ಬೆಳೆಯುವುದಿಲ್ಲ, ಬಾಯಿಗೆ ಮೆತ್ತಿದ ಹಸಿ ರಕ್ತದಲ್ಲಿ ಸ್ವಲ್ಪ ಹೊತ್ತು ಬದುಕಿರುತ್ತದೆ ಅಷ್ಟೆ. ನೊಣ ತಡ ಮಾಡಿದರೆ ಜೀವಿ ಸತ್ತುಹೋಗುತ್ತದೆ.

ಕುದುರೆಗಳ ಮೇಲೆ ಈ ನೊಣಗಳಿಗೆ ಗುರುತು ಹಾಕಿ ನೋಡಿದ್ದಾರೆ. ಎರಡು ಪ್ರಾಣಿಗಳ ನಡುವೆ ಐವತ್ತು ಗಜ ಅಂತರ ಇದ್ದರೆ, ಎಬ್ಬಿಸಿದ ನೊಣಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಮೊದಲಿನ ಪ್ರಾಣಿಗೇ ಮರಳಿ ಬರುತ್ತವೆ. ಈಗ ನೀವೇ ಅಳೆದು ನೋಡ್ರಿ. ಕೋಣ ನಿಂತದ್ದು ಒಂದು ಕೂಗಳತೆ ದೂರ. ಗೌರಿ ಪಕ್ಕದ ಗೂಟಕ್ಕೆ ಯಾವ ಎಮ್ಮೆ ಕಟ್ಟಿತ್ತು?

ನೀವು ಕೊನೆಗೆ ಬೇರೆ ಮಾತು ಅಂತ ಬರೆದಿರಲ್ಲ, ನನಗೆ ಅದೇ ಮುಖ್ಯ ಮಾತು. ಸಂತೆಯಿಂದ ತಂದ ಎಮ್ಮೆ ತಿಂದರೂ ಮೈ ಹಿಡಿಯುತ್ತಿಲ್ಲ. ಒಂಟೆ, ಕುದುರೆ, ನಾಯಿಗೆ ಸರ್ರಾ ಬಂದರೆ ಉಳಿಯುವುದು ಕಷ್ಟ. ಎಮ್ಮೆ ಎಷ್ಟೋ ಸಲ ತಿಂಗಳುಗಟ್ಟಲೆ ಅದನ್ನು ಒಳಗೇ ಇಟ್ಟುಕೊಂಡು ಸೊರಗುತ್ತದೆ. ಆಗಾಗ ಸಣ್ಣ ಜ್ವರ, ಕೆಲವೊಮ್ಮೆ ಗರ್ಭ ಹೋಗುವುದು, ಅಷ್ಟೇ ಕಾಣುತ್ತದೆ. ಅದರ ರಕ್ತವನ್ನು ಇವತ್ತೇ ನೋಡಿಸ್ರಿ. ಜ್ವರ ಇದ್ದಾಗ ತೆಗೆದ ರಕ್ತದಲ್ಲಿ ಜೀವಿ ಸಿಗುತ್ತದೆ, ಜ್ವರ ಇಳಿದಾಗ ಅಡಗಿರುತ್ತದೆ. ಒಂದು ಸಲ ಇಲ್ಲ ಅಂತ ಬಂದರೆ ಸಮಾಧಾನ ಪಟ್ಟುಕೊಳ್ಳಬೇಡ್ರಿ, ಮತ್ತೆ ಜ್ವರ ಏರಿದಾಗ ತೆಗೆಸ್ರಿ. ಬೆಳಿಗ್ಗೆ, ಸಂಜೆ ಎಲ್ಲವಕ್ಕೂ ಥರ್ಮಾಮೀಟರ್ ಇಟ್ಟು ಒಂದು ವಹಿಯಲ್ಲಿ ಬರೆದಿಡ್ರಿ. ಔಷಧಿ ಇದೆ, ಡಿಮಿನಜೀನ್, ಕ್ವಿನಪೈರಮೀನ್ ಎಲ್ಲಾ ಬಳಕೆಯಲ್ಲಿವೆ. ಆದರೆ ತೂಕ ನೋಡಿ ಡಾಕ್ಟರೇ ಹಾಕಬೇಕು. ಅರೆಬರೆ ಪ್ರಮಾಣ ಹಾಕಿದರೆ ರೋಗ ಅಡಗಿ ಕೂತು, ಮುಂದೆ ಅದೇ ಔಷಧಿಗೆ ಬಗ್ಗುವುದಿಲ್ಲ.

ಮಕ್ಕಳ ಬಗ್ಗೆ ಹೆದರಬೇಡ್ರಿ. ಮನುಷ್ಯನ ರಕ್ತದಲ್ಲೇ ಈ ಜೀವಿಯನ್ನು ಕೊಲ್ಲುವ ಒಂದು ಪ್ರೋಟೀನ್ ಇದೆ. ಮಹಾರಾಷ್ಟ್ರದ ಒಬ್ಬ ರೈತನಿಗೆ 2004ರಲ್ಲಿ ಸರ್ರಾ ಬಂದಿತ್ತು. ಪರೀಕ್ಷೆ ಮಾಡಿದಾಗ ಆತನ ಮೈಯಲ್ಲಿ ಆ ಪ್ರೋಟೀನೇ ಕೆಲಸ ಮಾಡುತ್ತಿರಲಿಲ್ಲ ಅಂತ ಗೊತ್ತಾಯಿತು, ಔಷಧಿಯಿಂದ ಗುಣವೂ ಆದ. ಹಾಲನ್ನು ಕಾಯಿಸಿ ಕುಡಿಯಿರಿ. ಸೂಜಿ ಮಾಡಿಸಿದ ಎಮ್ಮೆಯ ಹಾಲನ್ನು ಎಷ್ಟು ದಿನ ಬಿಡಬೇಕು ಅಂತ ಡಾಕ್ಟರನ್ನು ಕೇಳ್ರಿ, ಅಲ್ಲಿಯವರೆಗೆ ಡೇರಿಗೂ ಹಾಕಬೇಡ್ರಿ.


ಬೇಟೆ ನಾಯಿ, ಮುಧೋಳ:

ಡಾಕ್ಟರ್ ಸಾಹೇಬ್ರು ನಾಯಿ ಮಾತು ತಗದ್ರು, ಅದಕ್ಕ ಹೇಳ್ತೀನಿ. ನನ್ನ ಹತ್ರ ಮುಧೋಳ ತಳಿ ಹೆಣ್ಣು ನಾಯಿ ಇತ್ತು. ಒಂದಿನ ಮುಂಜಾನೆ ನೋಡಿದ್ರ ಎಡಗಣ್ಣು ಹಾಲು ಹಾಕಿದಂಗ ಬೆಳ್ಳಗ ಆಗಿತ್ತು. ಮುಳ್ಳು ಬಡಿದಿರಬೇಕು ಅಂತ ಕಣ್ಣಿನ ಹನಿ ಹಾಕಿದೆ. ನಾಕು ದಿನಕ್ಕ ಬಲಗಣ್ಣೂ ಹಂಗ ಆತು, ಕಾಲು ಬಾತವು, ಮುಖ ಬಾತಿತು. ರಕ್ತ ನೋಡಿಸಿದ್ರ ಸರ್ರಾ. ಸೂಜಿ ಮಾಡಿಸಿ ಉಳಿಸಿಕೊಂಡೆ, ಒಂದು ಕಣ್ಣು ಪೂರ್ತಿ ಬರಲಿಲ್ಲ.

ಹೆಂಗ ಬಂತು ಅಂತ ವಿಚಾರ ಮಾಡಿದಾಗ ತಿಳೀತು. ಊರ ಹೊರಗ ಸತ್ತ ಎತ್ತಿನ ಮಾಂಸ ತಿಂದು ಬಂದಿತ್ತು. ರೋಗದ ಪ್ರಾಣಿಯ ಹಸಿ ಮಾಂಸ ತಿಂದ್ರೂ ನಾಯಿಗೆ ಬರತೈತಿ ಅಂತ ಆಗ ಹೇಳಿದ್ರು. ಒಡಿಶಾದ ನಂದನಕಾನನ ಮೃಗಾಲಯದಾಗ 2000ನೇ ಇಸವ್ಯಾಗ ಹುಲಿಗಳು ಸಾಲಾಗಿ ಸತ್ತದ್ದು ಇದ ರೋಗದಿಂದ. ಮಲಪ್ರಭಾ ಅಣ್ಣಾರ, ಗೌರಿನ್ನ ಹೂಳಿದ್ರೇನು, ಹಂಗ ಅಡವ್ಯಾಗ ಒಗದ್ರೇನು? ನಿಮ್ಮ ಕಡೆ ಅಡವ್ಯಾಗ ಹುಲಿ, ಕಾಡನಾಯಿ ಅದಾವ. ಒಗದಿದ್ರ ರೋಗ ನಾವ ಅಡವಿಗೆ ಕೊಟ್ಟಂಗ ಆಗತೈತಿ.


ಮಲಪ್ರಭಾ ದಂಡಿ:

ಹೂಳೀವ್ರಿ ಅಣ್ಣಾ. ಉಪ್ಪು ಹಾಕಿ ಆಳುದ್ದ ತಗ್ಗಿನ್ಯಾಗ ಹೂಳೀವಿ, ಹೆಂಡತಿ ಬಿಡಲಿಲ್ಲ.

ಸಾಹೇಬ್ರ, ನಿಮ್ಮ ಪ್ರಶ್ನಾ ಓದಿ ಎದ್ದು ದನದ ಮನಿಗೆ ಹೋಗಿ ನಿಂತು ನೋಡಿದೆ. ಗೌರಿ ಗೂಟದ ಎಡಕ್ಕ ಸಂತಿ ಎಮ್ಮಿ ಗೂಟ. ನಡುವ ಎರಡು ಮಾರು ಇಲ್ಲ. ಇಕಿ ಹೊಸದಾಗಿ ಬಂದಾಳ, ಗೌರಿ ಸಮಾಧಾನದಾಕಿ, ಮಗ್ಗಲಿಗಿದ್ರ ಹೊಂದಕೊಂತಾಳ ಅಂತ ನಾನ ಕಟ್ಟಿದ್ದೆ. ಈಗ ಜ್ವರ ನೋಡಿದೆ, ಇಕಿಗೆ 103 ಡಿಗ್ರಿ ಮ್ಯಾಲ ಐತಿ. ಡಾಕ್ಟರಿಗೆ ಫೋನ್ ಹಚ್ಚೀನಿ, ನಾಳೆ ಮುಂಜಾನೆ ಬರ್ತಾರ.


ಕೀಟಶಾಸ್ತ್ರದ ವಿದ್ಯಾರ್ಥಿನಿ, ವಿಜಯಪುರ:

ಕಾಕಾ, ಪಟಾಕಿಗೆ ರೊಕ್ಕ ಕೂಡಿಸುತ್ತಿರುವವರಿಗೆ ಹೇಳಲು ನಿಮ್ಮ ಕೈಯಲ್ಲಿ ಒಂದು ನಿಜವಾದ ಕತೆ ಇರಲಿ ಅಂತ ಬರೆಯುತ್ತಿದ್ದೇನೆ. ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ಆಫ್ರಿಕಾದಲ್ಲಿ ತ್ಸೆತ್ಸೆ ಅಂತ ಒಂದು ರಕ್ತ ಕುಡಿಯುವ ನೊಣ ಇದೆ. ಸರ್ರಾದ ದಾಯಾದಿ ರೋಗವಾದ ನಗಾನಾವನ್ನು ಅದು ದನಗಳಿಗೆ ತರುತ್ತದೆ. ನಮ್ಮ ಕುದುರೆ ನೊಣದಂತಲ್ಲ, ತ್ಸೆತ್ಸೆಯ ಹೊಟ್ಟೆಯಲ್ಲಿ ರೋಗದ ಜೀವಿ ನಿಜವಾಗಿ ಬೆಳೆಯುತ್ತದೆ, ಒಮ್ಮೆ ಸೋಂಕಿದ ನೊಣ ಬದುಕಿರುವವರೆಗೂ ಹಂಚುತ್ತದೆ. ನಗಾನಾವನ್ನು ದನಗಳಿಗೆ ತರುವುದು ತ್ಸೆತ್ಸೆ ಎಂದು ದಕ್ಷಿಣ ಆಫ್ರಿಕಾದ ಝುಲುಲ್ಯಾಂಡಿನಲ್ಲಿ ಡೇವಿಡ್ ಬ್ರೂಸ್ ಎಂಬ ವೈದ್ಯ 1895ರಲ್ಲಿ ಕಂಡುಹಿಡಿದರು. ಕಾಡುಪ್ರಾಣಿಗಳ ರಕ್ತದಲ್ಲಿ ಆ ಜೀವಿ ಇತ್ತು ಎನ್ನುವುದು ಸುಳ್ಳಲ್ಲ. ಅಲ್ಲಿನ ದನಗಾರರು, ಹಾಗಾದರೆ ಕಾಡುಪ್ರಾಣಿಗಳನ್ನೇ ಮುಗಿಸೋಣ ಎಂದರು. ಉಂಫೊಲೋಝಿ ಕಾಡಿನ ಸುತ್ತ 1929ರಿಂದ ಒಂದೇ ಹೊಡೆತಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ರಾಣಿಗಳನ್ನು ಗುಂಡಿಟ್ಟು ಕೊಂದರು, 1940ರ ದಶಕದಲ್ಲಿ ಮತ್ತೆ ಹತ್ತಾರು ಸಾವಿರ. ಝೀಬ್ರಾ, ಕಾಡೆಮ್ಮೆ, ಜಿಂಕೆಯ ಜಾತಿಗಳು, ಎಲ್ಲವೂ. ಘೇಂಡಾಮೃಗವನ್ನು ಮಾತ್ರ ಬಿಟ್ಟರು. ಇಷ್ಟಾದರೂ ನೊಣ ಹೋಗಲಿಲ್ಲ. ಕೊನೆಗೆ ಅದು ಅಲ್ಲಿಂದ ಹೋದದ್ದು ವಿಮಾನದಿಂದ ಕೀಟನಾಶಕ ಸಿಂಪಡಿಸಿದ ಮೇಲೆ.

ಮಧ್ಯದಲ್ಲಿ, 1930ರ ದಶಕದಲ್ಲಿ, ಹ್ಯಾರಿಸ್ ಎಂಬ ಕೀಟತಜ್ಞರು ಅಲ್ಲಿಯೇ ಬೇರೆ ದಾರಿ ಹಿಡಿದಿದ್ದರು. ನೊಣ ಪ್ರಾಣಿಯನ್ನು ಕಣ್ಣಿನಿಂದ ಹುಡುಕುತ್ತದೆ, ಬೆಳಕಿನ ಎದುರು ತೂಗುವ ಕಪ್ಪು ಆಕಾರ ಕಂಡರೆ ಅದರ ಹೊಟ್ಟೆಯ ಕೆಳಗೆ ನುಗ್ಗುತ್ತದೆ ಎಂದು ಗಮನಿಸಿ, ಬಟ್ಟೆಯ ಬೋನು ಮಾಡಿದರು. ಪ್ರಾಣಿಯ ಹೊಟ್ಟೆಯಂತೆ ಕಾಣುವ ಆ ಬೋನುಗಳಲ್ಲಿ ಲಕ್ಷಗಟ್ಟಲೆ ನೊಣ ಬಿದ್ದವು. ಕೊಲ್ಲುವ ಗದ್ದಲದ ನಡುವೆ ಒಬ್ಬರು ನೊಣವನ್ನೇ ಕೂತು ನೋಡಿದರಲ್ಲ, ನಾನು ಈ ವಿಷಯ ಓದಲು ಶುರು ಮಾಡಿದ್ದೇ ಅವರಿಂದ.

ನಿಮ್ಮ ಕುದುರೆ ನೊಣವೂ ಕಣ್ಣಿನಿಂದಲೇ ಬರುವುದು. ಕಪ್ಪು, ದೊಡ್ಡ, ಬಿಸಿಲಿನಲ್ಲಿ ಹೊಳೆಯುವ ಮೈ, ಅಂದರೆ ಎಮ್ಮೆಯೇ. ನೀಲಿ, ಕಪ್ಪು ಬಟ್ಟೆಯ ಬೋನು ಇದಕ್ಕೂ ನಡೆಯುತ್ತದೆ. ಕೆನ್ಯಾದಲ್ಲಿ ರೂಪಿಸಿದ ಒಂದಕ್ಕೆ ಅವರ ಭಾಷೆಯಲ್ಲೇ ನೊಣ ಎಂದು ಹೆಸರು, ಎನ್‌ಝಿ. ಎದುರಿಗೆ ನೀಲಿ, ಒಳಗೆ ಕಪ್ಪು, ಹಿಂದೆ ಸೊಳ್ಳೆ ಪರದೆಯ ಬಲೆ, ಮೇಲೆ ತಲೆಕೆಳಗಾದ ಬಾಟಲಿ. ನಮ್ಮ ಸೋದರಮಾವನ ಊರು ಆಲಮಟ್ಟಿ ಹಿನ್ನೀರಿನ ದಂಡೆಗೆ ಇದೆ, ಹೋದ ವರ್ಷ ಅಲ್ಲಿ ಒಂದು ಹೊಲಿದು ನಿಲ್ಲಿಸಿದೆವು. ಮೊದಲು ತಂದದ್ದು ಮಾಸಲು ತಿಳಿನೀಲಿ ಬಟ್ಟೆ, ಒಂದೂ ಬೀಳಲಿಲ್ಲ. ಗಾಢವಾಗಿ ಹೊಳೆಯುವ ನೀಲಿ ಬಟ್ಟೆ ಹಾಕಿದ ಮೇಲೆ ಬಾಟಲಿಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾಯಿತು. ಎಮ್ಮೆ ನಿಲ್ಲುವ ಜಾಗಕ್ಕೂ ಕೆಸರಿಗೂ ನಡುವೆ, ಬಯಲಿನಲ್ಲಿ ಇಡಿ, ಗಿಡದ ನೆರಳಿನಲ್ಲಿ ಬೇಡ.

ಈ ನೊಣ ಮೊಟ್ಟೆ ಇಡುವುದು ನೀರಿನ ಮೇಲೆ ಬಾಗಿದ ಎಲೆಗಳ ಮೇಲೆ, ಮರಿ ಬೆಳೆಯುವುದು ಕೆಸರಿನೊಳಗೆ ತಿಂಗಳುಗಟ್ಟಲೆ. ಹಾಗಾಗಿ ಹಳ್ಳಕ್ಕೆ ಔಷಧಿ ಸುರಿಯಲು ಹೋಗಬೇಡಿ, ಮೀನು, ಕಪ್ಪೆ ಸಾಯುತ್ತವೆ, ನೊಣ ಮುಂದಿನ ಮಳೆಗೆ ಮತ್ತೆ ಬರುತ್ತದೆ. ಸುಡು ಹಗಲಿನಲ್ಲಿ ಅದರ ಓಡಾಟ ಜಾಸ್ತಿ, ಕತ್ತಲೆಯ ಕೊಟ್ಟಿಗೆಯೊಳಗೆ ಬರುವುದು ಕಡಿಮೆ. ಬೆಳಿಗ್ಗೆ ಬೇಗ, ಇಳಿಹೊತ್ತಿಗೆ ಮೇಯಿಸಿ, ಮಧ್ಯಾಹ್ನ ಒಳಗೆ ಕಟ್ಟಿ. ಮೈಗೆ ಕೆಸರು ಮೆತ್ತಿಕೊಂಡು ಹೊಂಡದಲ್ಲಿ ಮಲಗುವ ಎಮ್ಮೆಯನ್ನು ಎಬ್ಬಿಸಬೇಡಿ, ಅದು ತನಗೆ ತಾನೇ ಮದ್ದು ಮಾಡಿಕೊಳ್ಳುತ್ತಿರುತ್ತದೆ. ಜಪಾನಿನಲ್ಲಿ 2019ರಲ್ಲಿ ಕಪ್ಪು ಆಕಳುಗಳ ಮೈಗೆ ಬಿಳಿ ಪಟ್ಟೆ ಬಳಿದು ನೋಡಿದಾಗ ಕಚ್ಚುವ ನೊಣ ಅರ್ಧಕ್ಕೆ ಇಳಿದವು. ಝೀಬ್ರಾದ ಪಟ್ಟೆಯ ಗುಟ್ಟೂ ಬಹುಶಃ ಇದೇ, ಹತ್ತಿರ ಬಂದ ನೊಣಕ್ಕೆ ಇಳಿಯುವುದು ಎಲ್ಲಿ ಎಂದು ತಿಳಿಯುವುದಿಲ್ಲ.


ನಿವೃತ್ತ ಪಶುವೈದ್ಯ, ಜಮಖಂಡಿ:

ತಂಗಿ ಚಲೋ ಬರೆದಿದ್ದಾಳೆ. ನಮ್ಮ ನಾಡಿನದೂ ಒಂದು ಸೇರಿಸುತ್ತೇನೆ. ಬಂಡೀಪುರದ ಕಾಡಕೋಣಗಳು 1968ರಲ್ಲಿ ಹಿಂಡುಹಿಂಡಾಗಿ ಸತ್ತವು, ದೊಡ್ಡ ರೋಗದಿಂದ, ಅಂದರೆ ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್ ಅನ್ನುವ ದನಗಳ ರೋಗದಿಂದ. ಅದು ಮೇಯಲು ಹೋದ ನಮ್ಮ ದನಗಳಿಂದ ಕಾಡಿಗೆ ಹೋದ ರೋಗ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರೂರು ಸುತ್ತಿ ಅದರ ಲಸಿಕೆ ಹಾಕಿದ್ದೇನೆ, 2011ರಲ್ಲಿ ಜಗತ್ತಿನಿಂದಲೇ ಹೋಯಿತು ಅಂತ ಘೋಷಣೆ ಆದಾಗ ಮನೆಯಲ್ಲಿ ಸಿಹಿ ಮಾಡಿಸಿದ್ದೆ. ಸರ್ರಾ ಕಾಡುಪ್ರಾಣಿಗಳಿಗೂ ತಗಲುತ್ತದೆ. ನಿಮ್ಮ ಸಂತೆ ಎಮ್ಮೆಯನ್ನು ಕೋಣ ಮೇಯುವ ಕಡೆ ಬಿಡಬೇಡ್ರಿ. ಗೌರಿ ಪಕ್ಕ ಕಟ್ಟಿದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡ್ರಿ, ಹೊಸ ಎಮ್ಮೆ ಬಂದಾಗ ಬೇರೆ ಕಟ್ಟಿ ರಕ್ತ ನೋಡಿಸ್ರಿ ಅಂತ ಊರೂರಲ್ಲಿ ಹೇಳಬೇಕಾಗಿದ್ದು ನಮ್ಮಂಥವರು.


ಮಲಪ್ರಭಾ ದಂಡಿ:

ಎಲ್ಲಾರಿಗೂ ಸುದ್ದಿ ಹೇಳಬೇಕಂತ ಬಂದೆ. ಸಂತಿ ಎಮ್ಮಿ ರಕ್ತದಾಗ ಸರ್ರಾ ಸಿಕ್ತು. ಡಾಕ್ಟರು ನನ್ನನ್ನೂ ಕರದು ದುರ್ಬೀನಿನಾಗ ತೋರಿಸಿದ್ರು. ರಕ್ತದ ಕಣಗಳ ನಡುವ ಸಣ್ಣ ಹುಳದಂಗ ಒಂದು ಒದ್ದ್ಯಾಡಕೋತ ಕಣಗಳನ್ನ ದೂಡ್ತಿತ್ತು. ಗೌರಿನ್ನ ತಿಂದದ್ದು ಇದ ಅಂತ ನೋಡಿದ ಮ್ಯಾಲ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಉಳಿದ ಐದರಾಗ ಇನ್ನೊಂದಕ್ಕೂ ಜ್ವರ ಇತ್ತು, ಅದರಾಗೂ ಸಿಕ್ತು. ಎರಡಕ್ಕೂ ತೂಕ ಅಂದಾಜು ಮಾಡಿ ಸೂಜಿ ಮಾಡ್ಯಾರ, ಹಾಲು ಬ್ಯಾರೆ ಹಿಂಡಿ ಚೆಲ್ಲಾಕತ್ತೀವಿ. ಎರಡನ್ನೂ ಮಾವಿನ ಗಿಡದ ಕಡೆ ಕಟ್ಟೀನಿ, ಹೆಜ್ಜಿ ಹಾಕಿ ಅಳದೀನಿ, ಅರವತ್ತು ಗಜ ಐತಿ. ಸುತ್ತ ಸೊಳ್ಳಿ ಪರದೆ ಕಟ್ಟೀವಿ, ಸಂಜಿಕ ಬೇವಿನ ಸೊಪ್ಪಿನ ಹೊಗಿ ಹಾಕ್ತೀವಿ. ಬೋನಿನ ಬಟ್ಟಿ ಬೆಳಗಾವಿ ಖಡೇಬಜಾರದಾಗ ತಂದೀನ್ರಿ ತಂಗಿ, ನೀ ಹೇಳಿದಂಗ ಹೊಳಿಯೋ ನೀಲಿ.

ಹನುಮಪ್ಪನ ಗುಡಿ ಕಟ್ಟಿ ಮ್ಯಾಲ ಕೂತು ಎಲ್ಲಾ ಹೇಳಿದೆ. ಎರಡು ಮಾರಿನ ಲೆಕ್ಕ, ಕೂಗಳತಿ ಲೆಕ್ಕ, ಆಫ್ರಿಕಾದ ಮಾತು. ಪಟಾಕಿ ರೊಕ್ಕ ತಿರುಗಿ ಕೊಟ್ರು. ಇಬ್ಬರು ಇನ್ನೂ ಒಪ್ಪಿಲ್ಲ, ಕೋಣ ಭತ್ತ ತುಳೀತಾವ ಅಂತಾರ. ಅದು ಖರೇನ ಐತಿ. ಅದಕ್ಕ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಬರಕೊಡ್ತೀನಿ ಅಂದೀನಿ.

ಆ ಎಮ್ಮಿ ಮಾರಿದಾವನ ಫೋನ್ ನಂಬರ್ ನನ್ನ ಹತ್ರ ಇತ್ತು. ಜಗಳಕ್ಕ ಅಲ್ಲ ಅಂತ ಮೊದಲ ಹೇಳಿ, ಆ ದಿನ ಅದ ಹಿಂಡಿನಾಗಿಂದ ಬ್ಯಾರೆ ಎಮ್ಮಿ ಯಾರಿಗೆ ಕೊಟ್ಟಿ ಅಂತ ಕೇಳಿದೆ. ಮೂರು ಊರ ಹೆಸರು ಹೇಳಿದ. ಒಂದು ಕಿತ್ತೂರ ಕಡೆ, ಎರಡು ನಮ್ಮ ತಾಲೂಕಿನಾಗ. ನಾಳೆ ಹಾಲು ಹಿಂಡಿ ಮೊದಲನೇ ಊರಿಗೆ ಹೊಂಟೀನಿ. ಡಾಕ್ಟರು ಗಾಜಿನ ಪಟ್ಟಿ ಕೊಟ್ಟು ಕಳಸ್ತೀನಿ ಅಂದಾರ.